ಮರಣದಂಡನೆ ಕುರಿತ ಚರ್ಚಾ ಸ್ಪರ್ಧೆಗೆ ಸಿದ್ಧತೆ: ಪದೇ ಪದೇ ಕೇಳುವ ಪ್ರಶ್ನೆಗಳು

ಧಾರವಾಡ, ಗದಗ, ಹಾವೇರಿ ಜಿಲ್ಲೆಗಳ ಅಂತರ ಕಾಲೇಜು ಚರ್ಚಾ ಸ್ಪರ್ಧೆಗಳಲ್ಲಿ ಮರಣದಂಡನೆಯ ವಿಷಯ ಒಂದಲ್ಲ ಒಂದು ರೂಪದಲ್ಲಿ ಮೇಲಿಂದ ಮೇಲೆ ಬರುತ್ತದೆ. ಪಿಯು ಮತ್ತು ಪದವಿ ವಿದ್ಯಾರ್ಥಿಗಳನ್ನು ಈ ಸ್ಪರ್ಧೆಗಳಿಗೆ ಅಣಿಗೊಳಿಸುತ್ತ, ಕೆಲವೊಮ್ಮೆ ನಿರ್ಣಾಯಕನಾಗಿ ಕುಳಿತು ಅವರ ಮಾತು ಕೇಳುತ್ತ ಬಂದ ನನಗೆ ಅವರು ಕೇಳಿದ ಪ್ರಶ್ನೆಗಳನ್ನೂ ನಾನು ಕೊಡುವ ಉತ್ತರಗಳನ್ನೂ ಇಲ್ಲಿ ಬರೆದಿಟ್ಟಿದ್ದೇನೆ.

ವಿಷಯ ಕೈಗೆ ಬಂದ ಕೂಡಲೇ ಮೊದಲು ಮಾಡಬೇಕಾದ ಕೆಲಸ ಯಾವುದು?

ವಿಷಯದ ವಾಕ್ಯವನ್ನು ಒಂದೊಂದೇ ಪದವಾಗಿ ಓದುವುದು. "ಭಾರತದಲ್ಲಿ ಮರಣದಂಡನೆ ರದ್ದಾಗಬೇಕು" ಎಂಬುದು ಒಂದು ವಿಷಯ. "ಮರಣದಂಡನೆಯಿಂದ ಅಪರಾಧಗಳು ಕಡಿಮೆಯಾಗುತ್ತವೆ" ಎಂಬುದು ಬೇರೆಯೇ ವಿಷಯ. "ಅತ್ಯಾಚಾರಿಗಳಿಗೆ ಗಲ್ಲೇ ಸರಿಯಾದ ಶಿಕ್ಷೆ" ಎಂಬುದು ಮತ್ತೂ ಬೇರೆ. ಮೊದಲನೆಯದರಲ್ಲಿ ಇಡೀ ಶಿಕ್ಷಾ ಪದ್ಧತಿಯ ನ್ಯಾಯಾನ್ಯಾಯ ಚರ್ಚೆಗೆ ಬರುತ್ತದೆ. ಎರಡನೆಯದರಲ್ಲಿ ಅಂಕಿ ಸಂಖ್ಯೆಗಳ ಆಧಾರವಿಲ್ಲದೆ ಒಂದು ಹೆಜ್ಜೆಯೂ ಇಡಲಾಗದು. ಮೂರನೆಯದರಲ್ಲಿ ಕೊಲೆ, ಭಯೋತ್ಪಾದನೆಗಳ ಕುರಿತು ಎಷ್ಟು ಚೆನ್ನಾಗಿ ಮಾತನಾಡಿದರೂ ಅದು ವಿಷಯಾಂತರವೇ. ಈ ಮೂರಕ್ಕೂ ಒಂದೇ ಭಾಷಣವನ್ನು ಬಾಯಿಪಾಠ ಮಾಡಿಕೊಂಡು ಬಂದ ವಿದ್ಯಾರ್ಥಿಗಳು ಒಳ್ಳೆಯ ಧ್ವನಿಯಿದ್ದೂ ಅಂಕ ಕಳೆದುಕೊಂಡದ್ದನ್ನು ಅನೇಕ ಬಾರಿ ಕಂಡಿದ್ದೇನೆ.

ಪರವೋ ವಿರೋಧವೋ ಎಂಬುದು ಚೀಟಿ ಎತ್ತಿದ ಮೇಲಷ್ಟೇ ಗೊತ್ತಾಗುವುದಾದರೆ ತಯಾರಿ ಹೇಗೆ?

ಎರಡೂ ಕಡೆಯ ಭಾಷಣಗಳನ್ನು ಪೂರ್ತಿಯಾಗಿ ಬರೆಯಬೇಕು. ಚೀಟಿ ಎತ್ತುವ ಪದ್ಧತಿ ಇಲ್ಲದಿದ್ದರೂ ಬರೆಯಬೇಕು. ನಿಮ್ಮ ಮನಸ್ಸು ಒಪ್ಪದ ಪಕ್ಷದ ಭಾಷಣವನ್ನು ಮೊದಲು ಬರೆಯಿರಿ ಎಂದು ನನ್ನ ಸಲಹೆ, ಏಕೆಂದರೆ ಒಪ್ಪಿದ ಪಕ್ಷದ್ದನ್ನು ಬರೆದ ನಂತರ ಎದುರು ಪಕ್ಷದ ವಾದಗಳು ನಮ್ಮ ಕೈಯಲ್ಲಿ ತಾನಾಗಿ ಬಡವಾಗುತ್ತವೆ.

ಕಾನೂನಿನ ಸಂಗತಿ ಎಷ್ಟು ತಿಳಿದಿರಬೇಕು? ನಾವು ಕಾನೂನು ವಿದ್ಯಾರ್ಥಿಗಳಲ್ಲವಲ್ಲ?

ಕಲಮುಗಳ ಸಂಖ್ಯೆಯನ್ನು ಉರು ಹಾಕುವ ಅಗತ್ಯವಿಲ್ಲ. ಆದರೆ ಒಬ್ಬ ಆರೋಪಿ ಸೆಷನ್ಸ್ ನ್ಯಾಯಾಲಯದಿಂದ ಗಲ್ಲುಗಂಬದವರೆಗೆ ಯಾವ ಯಾವ ಹಂತ ದಾಟಬೇಕಾಗುತ್ತದೆ ಎಂಬುದು ಸ್ಪಷ್ಟವಾಗಿ ತಿಳಿದಿರಬೇಕು. ಸೆಷನ್ಸ್ ನ್ಯಾಯಾಲಯ ಮರಣದಂಡನೆ ವಿಧಿಸಿದರೂ ಹೈಕೋರ್ಟ್ ದೃಢೀಕರಿಸುವವರೆಗೆ ಅದನ್ನು ಜಾರಿ ಮಾಡುವಂತಿಲ್ಲ, ಅಪರಾಧಿ ಮೇಲ್ಮನವಿ ಸಲ್ಲಿಸದಿದ್ದರೂ ಕಡತ ಹೈಕೋರ್ಟಿಗೆ ಹೋಗಲೇಬೇಕು. ನಮ್ಮ ಮೂರು ಜಿಲ್ಲೆಗಳ ಮಟ್ಟಿಗೆ ಆ ಕಡತ ಬರುವುದು ಕರ್ನಾಟಕ ಹೈಕೋರ್ಟಿನ ಧಾರವಾಡ ಪೀಠಕ್ಕೆ. 2008ರಲ್ಲಿ ಸಂಚಾರಿ ಪೀಠವಾಗಿ ಆರಂಭವಾದ ಅದು 2013ರಿಂದ ಕಾಯಂ ಪೀಠವಾಗಿದೆ. ಮುಂದೆ ಸುಪ್ರೀಂ ಕೋರ್ಟ್, ಪುನರ್‌ಪರಿಶೀಲನಾ ಅರ್ಜಿ, ಕೊನೆಗೆ ಸಂವಿಧಾನದ 161ನೆಯ ವಿಧಿಯಡಿ ರಾಜ್ಯಪಾಲರಿಗೆ ಮತ್ತು 72ನೆಯ ವಿಧಿಯಡಿ ರಾಷ್ಟ್ರಪತಿಗೆ ಕ್ಷಮಾದಾನದ ಅರ್ಜಿ. ಎಲ್ಲವೂ ತಿರಸ್ಕೃತವಾದರೆ ಕರ್ನಾಟಕದ ಕೈದಿಯನ್ನು ಗಲ್ಲಿಗೇರಿಸುವ ವ್ಯವಸ್ಥೆ ಇರುವುದು ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿ.

ಇದರ ಜೊತೆಗೆ ಮೂರು ತೀರ್ಪುಗಳನ್ನು ಅರಿತಿರಬೇಕು. 1980ರ ಬಚನ್ ಸಿಂಗ್ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಮರಣದಂಡನೆ ಸಂವಿಧಾನಬದ್ಧವೆಂದು ಎತ್ತಿಹಿಡಿದು, ಅದನ್ನು "ಅಪರೂಪದಲ್ಲಿ ಅಪರೂಪ"ದ ಪ್ರಕರಣಗಳಿಗೆ ಮಾತ್ರ, ಬೇರೆ ಶಿಕ್ಷೆಯ ಆಯ್ಕೆ ಪ್ರಶ್ನಾತೀತವಾಗಿ ಮುಚ್ಚಿಹೋದಾಗ ಮಾತ್ರ ವಿಧಿಸಬೇಕೆಂದಿತು; ನ್ಯಾಯಮೂರ್ತಿ ಪಿ.ಎನ್. ಭಗವತಿ ಒಬ್ಬರೇ ಭಿನ್ನಮತ ಬರೆದರು. 1983ರ ಮಚ್ಛಿ ಸಿಂಗ್ ಪ್ರಕರಣ ಆ "ಅಪರೂಪ"ಕ್ಕೆ ಕೊಲೆಯ ವಿಧಾನ, ಉದ್ದೇಶ, ಸಾಮಾಜಿಕ ಸ್ವರೂಪ, ಪ್ರಮಾಣ ಮತ್ತು ಬಲಿಯಾದವರ ಅಸಹಾಯಕತೆಯನ್ನು ಆಧರಿಸಿ ಐದು ಬಗೆಗಳನ್ನು ಗುರುತಿಸಿತು. ಅದೇ 1983ರ ಮಿಠ್ಠು ಪ್ರಕರಣ, ಜೀವಾವಧಿ ಕೈದಿ ಕೊಲೆ ಮಾಡಿದರೆ ಮರಣದಂಡನೆ ಕಡ್ಡಾಯ ಎಂದಿದ್ದ ಕಲಮನ್ನು ರದ್ದುಪಡಿಸಿತು. 2024ರ ಜುಲೈ 1ರಿಂದ ಭಾರತೀಯ ದಂಡ ಸಂಹಿತೆಯ ಸ್ಥಾನದಲ್ಲಿ ಭಾರತೀಯ ನ್ಯಾಯ ಸಂಹಿತೆ ಬಂದಿದೆಯಾದ್ದರಿಂದ, ಕೊಲೆಗೆ ಶಿಕ್ಷೆ ಹೇಳುವ ಕಲಮು ಈಗ 302 ಅಲ್ಲ, 103. ಹಳೆಯ ಪ್ರಕರಣದ ಮಾತು ಬಂದಾಗ ಹಳೆಯ ಸಂಖ್ಯೆ, ಇಂದಿನ ಕಾನೂನಿನ ಮಾತಿಗೆ ಹೊಸ ಸಂಖ್ಯೆ ಹೇಳಬೇಕು.

ಜೀವಾವಧಿ ಶಿಕ್ಷೆ ಎಂದರೆ 14 ವರ್ಷ ತಾನೇ? ಹಾಗಿದ್ದರೆ ಕೊಲೆಗಡುಕ ಹೊರಗೆ ಬಂದುಬಿಡುತ್ತಾನಲ್ಲ?

ಪರ ಪಕ್ಷದವರು, ಎಂದರೆ ಮರಣದಂಡನೆ ಇರಲಿ ಎನ್ನುವವರು, ಅತಿ ಹೆಚ್ಚು ಬಳಸುವ, ಅತಿ ಸುಲಭವಾಗಿ ಮುರಿದುಬೀಳುವ ವಾದ ಇದು. ಜೀವಾವಧಿ ಎಂದರೆ ಉಳಿದ ಜೀವಮಾನದ ಸೆರೆವಾಸವೆಂದು ಸುಪ್ರೀಂ ಕೋರ್ಟ್ 1961ರಷ್ಟು ಹಿಂದೆಯೇ ಹೇಳಿದೆ. ಹದಿನಾಲ್ಕು ವರ್ಷ ಎಂಬುದು ಮರಣದಂಡನೆಗೂ ಅವಕಾಶವಿದ್ದ ಅಪರಾಧದಲ್ಲಿ ಜೀವಾವಧಿಗೆ ಗುರಿಯಾದವನನ್ನು ಸರ್ಕಾರ ಬಿಡುಗಡೆಗೆ ಪರಿಗಣಿಸುವ ಮುನ್ನ ಆತ ಕಳೆಯಲೇಬೇಕಾದ ಕನಿಷ್ಠ ಅವಧಿ, ಬಿಡುಗಡೆಯ ಹಕ್ಕಲ್ಲ. ಇದಕ್ಕೂ ಮುಂದಿನ ಮಾತೊಂದಿದೆ. ಕರ್ನಾಟಕದಿಂದಲೇ ಸುಪ್ರೀಂ ಕೋರ್ಟಿಗೆ ಹೋದ ಸ್ವಾಮಿ ಶ್ರದ್ಧಾನಂದ ಪ್ರಕರಣದಲ್ಲಿ 2008ರಲ್ಲಿ ನ್ಯಾಯಾಲಯ ಮರಣದಂಡನೆಯನ್ನು ಬದಲಿಸಿ, ಶಿಕ್ಷೆಯ ಕಡಿತವೇ ಇಲ್ಲದೆ ಕೊನೆಯುಸಿರಿನವರೆಗೆ ಸೆರೆಯಲ್ಲಿಡುವ ಆದೇಶ ಕೊಟ್ಟಿತು. 2015ರಲ್ಲಿ ಸಂವಿಧಾನ ಪೀಠ ಆ ಬಗೆಯ ಶಿಕ್ಷೆಯನ್ನು ಎತ್ತಿಹಿಡಿಯಿತು. ವಿರೋಧ ಪಕ್ಷದವರಿಗೆ ಈ ತೀರ್ಪು ಬಹಳ ಮುಖ್ಯ. "ಗಲ್ಲು ಬೇಡವಾದರೆ ಮತ್ತೇನು?" ಎಂಬ ಪ್ರಶ್ನೆಗೆ ಉತ್ತರ ಕೊಡದ ವಿರೋಧ ವಾದವನ್ನು ಸಭೆ ಒಪ್ಪುವುದಿಲ್ಲ.

ಪರ ಪಕ್ಷದ ನಿಜವಾದ ಬಲ ಯಾವುದರಲ್ಲಿದೆ?

ಭಯ ಹುಟ್ಟಿಸುವುದರಲ್ಲಿದೆ ಎಂದು ಹೆಚ್ಚಿನವರು ತಿಳಿದಿದ್ದಾರೆ, ನಾನು ಒಪ್ಪುವುದಿಲ್ಲ. ಅದರ ಬಲ ಇರುವುದು ಅಪರಾಧಕ್ಕೆ ತಕ್ಕ ಶಿಕ್ಷೆ ಎಂಬ ನೈತಿಕ ನೆಲೆಯಲ್ಲಿ. ಕೆಲವು ಕೃತ್ಯಗಳ ಘೋರತೆಗೆ ಬೇರಾವ ಶಿಕ್ಷೆಯೂ ಸಾಟಿಯಾಗುವುದಿಲ್ಲ, ಸೇಡಿನ ಕತ್ತಿಯನ್ನು ನೊಂದ ಕುಟುಂಬದ ಕೈಯಿಂದ ತೆಗೆದುಕೊಂಡ ರಾಜ್ಯಕ್ಕೆ ಆ ಕುಟುಂಬದ ಪರವಾಗಿ ನ್ಯಾಯ ಪೂರೈಸುವ ಹೊಣೆಯಿದೆ ಎಂಬ ವಾದವನ್ನು ಮನಮುಟ್ಟುವಂತೆ ಕಟ್ಟಬಹುದು. ಎರಡನೆಯ ಆಧಾರ ಸಂವಿಧಾನದ್ದೇ: 21ನೆಯ ವಿಧಿ "ಕಾನೂನು ಸ್ಥಾಪಿಸಿದ ಕಾರ್ಯವಿಧಾನ"ದ ಮೂಲಕ ಜೀವ ಹರಣಕ್ಕೆ ಎಡೆ ಕೊಡುತ್ತದೆ, 72ನೆಯ ವಿಧಿ ಮರಣದಂಡನೆಯನ್ನು ಹೆಸರಿಸಿಯೇ ಕ್ಷಮಾದಾನದ ಅಧಿಕಾರ ನೀಡುತ್ತದೆ. ಮೂರನೆಯದು ಸಂಯಮ. 2004ರಿಂದ 2020ರವರೆಗೆ ಇಡೀ ದೇಶದಲ್ಲಿ ಗಲ್ಲಿಗೇರಿದವರು ಎಂಟೇ ಮಂದಿ. 2008ರ ನವೆಂಬರಿನಲ್ಲಿ ಮುಂಬೈಯಲ್ಲಿ ಕ್ಯಾಮೆರಾಗಳ ಕಣ್ಣೆದುರೇ ಗುಂಡು ಹಾರಿಸಿ ಸಿಕ್ಕಿಬಿದ್ದ ಅಜ್ಮಲ್ ಕಸಬ್‌ಗೂ ವಕೀಲರನ್ನು ಕೊಟ್ಟು, ವಿಚಾರಣೆ, ಮೇಲ್ಮನವಿ, ಕ್ಷಮಾದಾನದ ಅರ್ಜಿ ಎಲ್ಲ ಮುಗಿದ ಬಳಿಕವೇ 2012ರ ನವೆಂಬರ್ 21ರಂದು ಪುಣೆಯ ಯರವಾಡಾ ಜೈಲಿನಲ್ಲಿ ಶಿಕ್ಷೆ ಜಾರಿ ಮಾಡಲಾಯಿತು. ಆರೋಪಿ ಯಾರೆಂಬ ಅನುಮಾನವೇ ಇಲ್ಲದ ಇಂಥ ಪ್ರಕರಣವನ್ನು ಎದುರಿಗಿಟ್ಟು "ಇಲ್ಲಿ ತಪ್ಪು ನಡೆಯಲು ಎಲ್ಲಿ ಅವಕಾಶವಿತ್ತು?" ಎಂದು ಕೇಳಿದರೆ ಎದುರಾಳಿ ಯೋಚಿಸಿಯೇ ಉತ್ತರಿಸಬೇಕಾಗುತ್ತದೆ.

ವಿರೋಧ ಪಕ್ಷದ ಬಲ?

ತಪ್ಪಾದರೆ ತಿದ್ದಲಾಗದು ಎಂಬ ಒಂದೇ ಸಂಗತಿಯಲ್ಲಿ. ಇದನ್ನು "ನೂರು ಅಪರಾಧಿಗಳು ತಪ್ಪಿಸಿಕೊಂಡರೂ ಒಬ್ಬ ನಿರಪರಾಧಿಗೆ ಶಿಕ್ಷೆಯಾಗಬಾರದು" ಎಂಬ ಸವೆದ ಮಾತಿನಿಂದ ಹೇಳಿದರೆ ಯಾರೂ ತಲೆಯೆತ್ತಿ ನೋಡುವುದಿಲ್ಲ. ಪ್ರಕರಣದ ಮೂಲಕ ಹೇಳಬೇಕು.

ಮಹಾರಾಷ್ಟ್ರದ ಅಲೆಮಾರಿ ಸಮುದಾಯಕ್ಕೆ ಸೇರಿದ ಆರು ಮಂದಿಗೆ ಕೊಲೆ ಮತ್ತು ಅತ್ಯಾಚಾರದ ಪ್ರಕರಣವೊಂದರಲ್ಲಿ 2009ರಲ್ಲಿ ಸುಪ್ರೀಂ ಕೋರ್ಟೇ ಮರಣದಂಡನೆಯ ತೀರ್ಪು ಕೊಟ್ಟಿತ್ತು. ಹತ್ತು ವರ್ಷಗಳ ಮೇಲೆ, 2019ರ ಮಾರ್ಚ್‌ನಲ್ಲಿ, ಅದೇ ಸುಪ್ರೀಂ ಕೋರ್ಟ್ ಆ ಆರೂ ಮಂದಿ ನಿರ್ದೋಷಿಗಳೆಂದು ಬಿಡುಗಡೆ ಮಾಡಿ, ಒಬ್ಬೊಬ್ಬರಿಗೂ 5 ಲಕ್ಷ ರೂಪಾಯಿ ಪರಿಹಾರ ಕೊಡಲು ಹೇಳಿತು. ಅಷ್ಟರಲ್ಲಿ ಅವರು ಸುಮಾರು ಹದಿನಾರು ವರ್ಷ ಜೈಲಿನಲ್ಲಿ ಕಳೆದಿದ್ದರು. ಈ ಪ್ರಕರಣವನ್ನು ಹೇಳಿ ಒಂದು ಕ್ಷಣ ಸುಮ್ಮನಿದ್ದು, ನಡುವಿನ ಹತ್ತು ವರ್ಷಗಳಲ್ಲಿ ಯಾವುದೋ ಒಂದು ಬೆಳಗಿನ ಜಾವ ಶಿಕ್ಷೆ ಜಾರಿಯಾಗಿದ್ದರೆ 2019ರ ತೀರ್ಪನ್ನು ಯಾರ ಮುಂದೆ ಓದಬೇಕಿತ್ತು ಎಂದು ಕೇಳಿ. ಪರ ಪಕ್ಷದವರು "ನೋಡಿ, ವ್ಯವಸ್ಥೆ ತನ್ನನ್ನು ತಾನೇ ತಿದ್ದಿಕೊಂಡಿತು" ಎನ್ನುತ್ತಾರೆ. ಅದಕ್ಕೆ ಉತ್ತರ ಸಿದ್ಧವಿರಲಿ: ಉತ್ತರ ಪ್ರದೇಶದ ಒಂದೇ ಪ್ರಕರಣದಲ್ಲಿ ಸಮಾನ ಪಾತ್ರ ವಹಿಸಿದ್ದ ಮೂವರಲ್ಲಿ ಒಬ್ಬನ ಶಿಕ್ಷೆಯನ್ನು ಒಂದು ಪೀಠ ಜೀವಾವಧಿಗೆ ಇಳಿಸಿತು, ಮತ್ತೊಬ್ಬನ ಅರ್ಜಿಯನ್ನು ಬೇರೊಂದು ಪೀಠ ವಜಾ ಮಾಡಿದ್ದರಿಂದ ಅವನನ್ನು 1981ರಲ್ಲಿ ಗಲ್ಲಿಗೇರಿಸಲಾಯಿತು, ಮೂರನೆಯವನ ವಿಷಯದಲ್ಲಿ ಈ ತಾರತಮ್ಯ ಬೆಳಕಿಗೆ ಬಂದು 1982ರಲ್ಲಿ ಅವನ ಜೀವ ಉಳಿಯುವ ದಾರಿಯಾಯಿತು. ಅಪರಾಧ ಒಂದೇ, ಪೀಠ ಬೇರೆಯಾದದ್ದರಿಂದ ಜೀವ ಹೋಯಿತು. ಬಚನ್ ಸಿಂಗ್ ತೀರ್ಪಿಗೆ ಸರಿಹೊಂದದೆ ಮರಣದಂಡನೆ ವಿಧಿಸಿದ್ದೇವೆಂದು 2009ರಲ್ಲಿ ಸುಪ್ರೀಂ ಕೋರ್ಟೇ ಒಪ್ಪಿಕೊಂಡಿತು, ಆದರೆ ಹಾಗೆ ಶಿಕ್ಷೆಗೊಳಗಾದವರಲ್ಲಿ ಒಬ್ಬನನ್ನು 1996ರಲ್ಲೇ ಗಲ್ಲಿಗೇರಿಸಿ ಆಗಿತ್ತು. 2012ರಲ್ಲಿ ನಿವೃತ್ತ ನ್ಯಾಯಮೂರ್ತಿಗಳು ಹದಿನಾಲ್ಕು ಮಂದಿ ಇಂಥ ತಪ್ಪಾದ ತೀರ್ಪುಗಳಿಗೆ ಗುರಿಯಾದವರನ್ನು ಉಳಿಸಿರೆಂದು ರಾಷ್ಟ್ರಪತಿಯವರಿಗೆ ಪತ್ರ ಬರೆದರು.

ಮುಂದಿನ ನೆಲೆ ಬಡತನದ್ದು. ದೆಹಲಿಯ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯ 2016ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಮರಣದಂಡನೆಗೆ ಗುರಿಯಾಗಿ ಜೈಲಿನಲ್ಲಿದ್ದವರಲ್ಲಿ ಸುಮಾರು ಮುಕ್ಕಾಲು ಪಾಲು ಜನ ಆರ್ಥಿಕವಾಗಿ ದುರ್ಬಲರು. ಒಳ್ಳೆಯ ವಕೀಲರನ್ನು ಇಟ್ಟುಕೊಳ್ಳುವ ಶಕ್ತಿ ಜೀವ-ಮರಣವನ್ನು ತೀರ್ಮಾನಿಸುತ್ತಿದೆಯೇ ಎಂಬ ಪ್ರಶ್ನೆ ಇಲ್ಲಿಂದ ಹುಟ್ಟುತ್ತದೆ. ಆದರೆ ಎಚ್ಚರ: ಬಡವರೆಲ್ಲ ನಿರಪರಾಧಿಗಳು ಎಂಬ ಧ್ವನಿ ಬಂದರೆ ವಾದ ಕೆಡುತ್ತದೆ.

ಗಲ್ಲಿನ ಭಯದಿಂದ ಕೊಲೆಗಳು ಕಡಿಮೆಯಾಗುತ್ತವೆಯೇ, ಇಲ್ಲವೇ? ಒಂದೇ ಮಾತಿನಲ್ಲಿ ಹೇಳಿ.

ಒಂದೇ ಮಾತಿನಲ್ಲಿ ಹೇಳಲು ಬರುವುದಿಲ್ಲ, ಅದನ್ನು ಸಭೆಯಲ್ಲಿ ಒಪ್ಪಿಕೊಳ್ಳುವುದೇ ಒಳ್ಳೆಯದು. ಅಮೆರಿಕದ ಅರ್ಥಶಾಸ್ತ್ರಜ್ಞ ಐಸಾಕ್ ಎರ್ಲಿಕ್ 1975ರಲ್ಲಿ ಒಂದು ಮರಣದಂಡನೆ ಸುಮಾರು ಎಂಟು ಕೊಲೆಗಳನ್ನು ತಡೆಯಬಹುದೆಂದು ಲೆಕ್ಕ ಹಾಕಿ ತೋರಿಸಿದರು. ಆ ಲೆಕ್ಕದ ವಿಧಾನದ ಮೇಲೆ ದಶಕಗಳ ಕಾಲ ಟೀಕೆ ನಡೆಯಿತು. 2012ರಲ್ಲಿ ಆ ದೇಶದ ರಾಷ್ಟ್ರೀಯ ಸಂಶೋಧನಾ ಮಂಡಳಿ, ಅದುವರೆಗಿನ ಅಧ್ಯಯನಗಳಿಂದ ಮರಣದಂಡನೆ ಕೊಲೆಗಳನ್ನು ಹೆಚ್ಚಿಸುತ್ತದೆ, ಇಳಿಸುತ್ತದೆ ಅಥವಾ ಅದರಿಂದ ಪರಿಣಾಮವೇ ಇಲ್ಲ ಎಂದು ಯಾವುದನ್ನೂ ಹೇಳಲು ಬರುವುದಿಲ್ಲವೆಂದು ತೀರ್ಮಾನಿಸಿತು. 1976ರಲ್ಲಿ ಕೊಲೆಗೆ ಮರಣದಂಡನೆ ಕೈಬಿಟ್ಟ ಕೆನಡಾದಲ್ಲಿ ನಂತರದ ದಶಕಗಳಲ್ಲಿ ಕೊಲೆಯ ಪ್ರಮಾಣ ಇಳಿಯಿತು, ಆದರೆ ಅದು ರದ್ದತಿಯಿಂದಲೇ ಇಳಿಯಿತೆಂದು ಹೇಳಿದರೆ ನೀವೂ ಎರ್ಲಿಕ್ ಅವರ ಟೀಕಾಕಾರರು ತೋರಿಸಿದ ತಪ್ಪನ್ನೇ ಮಾಡಿದಂತೆ. ಈ ಒಂದು ಪ್ರಶ್ನೆಯ ಮೇಲೆ ಇಡೀ ಐದು ನಿಮಿಷ ಸುರಿಯುವ ಸ್ಪರ್ಧಿಗಳನ್ನು ಕಂಡು ನನಗೆ ಬೇಸರವಾಗುತ್ತದೆ. ವಿಷಯದ ವಾಕ್ಯವೇ ಅದನ್ನು ಕೇಳದಿದ್ದರೆ ಅರ್ಧ ನಿಮಿಷ ಸಾಕು.

ಅತ್ಯಾಚಾರದ ಪ್ರಕರಣಗಳನ್ನು ಕುರಿತು ಹೇಗೆ ಮಾತನಾಡಬೇಕು?

ಅತ್ಯಂತ ಜವಾಬ್ದಾರಿಯಿಂದ. ಸಭೆಯಲ್ಲಿ ಕುಳಿತವರ ಪೈಕಿ ಇಂಥ ನೋವನ್ನು ಸ್ವತಃ ಉಂಡವರು ಇರಬಹುದೆಂದು ತಿಳಿದೇ ಮಾತನಾಡಬೇಕು. ಸಂತ್ರಸ್ತೆಯ ಗುರುತನ್ನು ಬಹಿರಂಗಪಡಿಸುವುದು ಕಾನೂನಿನ ಪ್ರಕಾರ ಅಪರಾಧವಾದ್ದರಿಂದ, ಪತ್ರಿಕೆಯಲ್ಲಿ ಓದಿದ ನಮ್ಮ ಊರು-ತಾಲೂಕುಗಳ ಪ್ರಕರಣಗಳನ್ನು ಗುರುತು ಸಿಗುವಂತೆ ಹೇಳಲೇಬಾರದು. ಕೃತ್ಯದ ವಿವರಗಳನ್ನು ಬಣ್ಣಿಸುವುದಂತೂ ಬೇಡವೇ ಬೇಡ. ಸಂಗತಿಗಳ ಮಟ್ಟಿಗೆ, 2012ರ ಡಿಸೆಂಬರಿನ ದೆಹಲಿ ಪ್ರಕರಣದ ನಂತರ ರಚನೆಯಾದ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಸಮಿತಿ ಅತ್ಯಾಚಾರಕ್ಕೆ ಮರಣದಂಡನೆಯನ್ನು ಶಿಫಾರಸು ಮಾಡಲಿಲ್ಲ. ಆದರೂ 2013ರ ತಿದ್ದುಪಡಿ ಕೆಲವು ಸಂದರ್ಭಗಳಿಗೆ ಅದನ್ನು ತಂದಿತು, 2018ರಲ್ಲಿ ಹನ್ನೆರಡು ವರ್ಷದೊಳಗಿನ ಬಾಲಕಿಯರ ಮೇಲಿನ ಅತ್ಯಾಚಾರಕ್ಕೂ ಅದು ವಿಸ್ತರಿಸಿತು. ದೆಹಲಿ ಪ್ರಕರಣದ ನಾಲ್ವರನ್ನು 2020ರ ಮಾರ್ಚ್ 20ರಂದು ತಿಹಾರ್ ಜೈಲಿನಲ್ಲಿ ಗಲ್ಲಿಗೇರಿಸಲಾಯಿತು. ಕೊಲೆಗೂ ಅತ್ಯಾಚಾರಕ್ಕೂ ಒಂದೇ ಶಿಕ್ಷೆಯಾದರೆ ಅಪರಾಧಿ ಸಾಕ್ಷಿ ಹೇಳಬಲ್ಲ ಜೀವವನ್ನು ಉಳಿಸುವನೇ ಎಂಬ ಆತಂಕವನ್ನು ವಿರೋಧ ಪಕ್ಷ ಮುಂದಿಡಬಹುದು. ಪರ ಪಕ್ಷದವರು ಮಗುವಿನ ಮೇಲಿನ ಕ್ರೌರ್ಯಕ್ಕೆ ಸಮಾಜ ತೋರಬೇಕಾದ ತೀವ್ರ ಖಂಡನೆಯ ನೆಲೆಯಿಂದ ಉತ್ತರಿಸಬಹುದು.

"ನಿಮ್ಮ ಮನೆಯವರಿಗೇ ಹೀಗಾಗಿದ್ದರೆ?" ಎಂದು ಎದುರಾಳಿ ಕೇಳಿದರೆ ಏನು ಹೇಳಬೇಕು?

ಬಹಳ ವರ್ಷಗಳ ಹಿಂದೆ ಗದಗಿನ ಒಂದು ಸ್ಪರ್ಧೆಯಲ್ಲಿ ರೋಣದ ಕಡೆಯ ವಿದ್ಯಾರ್ಥಿನಿಯೊಬ್ಬಳು ಕೊಟ್ಟ ಉತ್ತರ ನನಗೆ ಇನ್ನೂ ನೆನಪಿದೆ. "ನನ್ನ ತಮ್ಮನಿಗೆ ಹೀಗಾಗಿದ್ದರೆ ನಾನೇ ಆ ಮನುಷ್ಯನನ್ನು ಕೊಲ್ಲಬೇಕೆಂದುಕೊಳ್ಳುತ್ತಿದ್ದೆ. ಅದಕ್ಕಾಗಿಯೇ ನ್ಯಾಯಾಧೀಶರ ಕುರ್ಚಿಯಲ್ಲಿ ನನ್ನನ್ನು ಕೂರಿಸಬಾರದು" ಎಂದಳು. ಪ್ರಶ್ನೆಯನ್ನು ಅವಳು ತಳ್ಳಿಹಾಕಲಿಲ್ಲ, ನೋವನ್ನು ಸಣ್ಣದು ಮಾಡಲಿಲ್ಲ. ಅವಳ ಮಾತನ್ನೇ ಬಳಸಿಕೊಳ್ಳಬೇಡಿ. ಆದರೆ ನೊಂದವರ ಸಿಟ್ಟನ್ನು ಮೊದಲು ಗೌರವಿಸಿ ಆಮೇಲೆ ವಾದ ಮಾಡುವ ಆ ಕ್ರಮವನ್ನು ಕಲಿಯಿರಿ. ಪರ ಪಕ್ಷದವರಿಗೂ ಒಂದು ಮಾತು: ಈ ಪ್ರಶ್ನೆಯನ್ನು ಎದುರಿಗಿರುವ ಹುಡುಗಿಯ ಕಡೆ ಬೆರಳು ಮಾಡಿ ಕೇಳಬಾರದು. ಅದು ವಾದವಲ್ಲ, ಗಾಯ ಮಾಡುವ ಮಾತು.

ನಮ್ಮ ಭಾಗದ ಇತಿಹಾಸದಿಂದ ಉದಾಹರಣೆ ಕೊಡಬಹುದೇ?

ಕೊಡಬಹುದು, ಕೊಡಬೇಕು. ಗದಗ ಜಿಲ್ಲೆಯ ನರಗುಂದದ ಬಾಬಾಸಾಹೇಬನನ್ನು ಬ್ರಿಟಿಷರು 1858ರ ಜೂನ್‌ನಲ್ಲಿ ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. ಅದಕ್ಕೂ ಮೊದಲು, 1831ರ ಜನವರಿಯಲ್ಲಿ, ಸಂಗೊಳ್ಳಿ ರಾಯಣ್ಣನನ್ನು ನಂದಗಡದಲ್ಲಿ ನೇಣಿಗೆ ಹಾಕಿದ್ದರು. ಅಂದಿನ ಆಳುವವರ ಕಡತದಲ್ಲಿ ಇಬ್ಬರೂ ಅಪರಾಧಿಗಳು. ಇಂದು ಅವರು ನಮ್ಮ ಹೆಮ್ಮೆ. ಯಾರು ಅಪರಾಧಿ ಎಂಬುದನ್ನು ಅಧಿಕಾರದಲ್ಲಿದ್ದವರು ತೀರ್ಮಾನಿಸುತ್ತಾರೆ, ಆ ತೀರ್ಮಾನವನ್ನು ಕಾಲ ಬದಲಿಸಬಹುದು, ಹೋದ ಜೀವ ಮಾತ್ರ ಬಾರದು ಎಂದು ವಿರೋಧ ಪಕ್ಷ ಇದನ್ನು ಬಳಸಬಹುದು. ಎದುರು ಪಕ್ಷ ತಕ್ಷಣ ಕೇಳಬೇಕಾದ ಪ್ರಶ್ನೆಯೂ ಇದೆ: ವಸಾಹತು ಸರ್ಕಾರದ ಅವಸರದ ವಿಚಾರಣೆಯನ್ನೂ ಇಂದಿನ ಸಂವಿಧಾನದ ಕೆಳಗಿನ ನಾಲ್ಕಾರು ಹಂತಗಳ ವಿಚಾರಣೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಬಹುದೇ? ಇದಕ್ಕೆ ಮರುತ್ತರ ಇಲ್ಲದವರು ಈ ಉದಾಹರಣೆ ಎತ್ತಬಾರದು.

ಹತ್ತಿರದ ಮತ್ತೊಂದು ಉದಾಹರಣೆ ಹಿಂಡಲಗಾ ಜೈಲಿನದು. ಪೊಲೀಸರನ್ನು ಬಲಿ ತೆಗೆದುಕೊಂಡ ಪಾಲಾರ್ ಸ್ಫೋಟದ ಪ್ರಕರಣದಲ್ಲಿ ವೀರಪ್ಪನ್ ಸಹಚರರಾದ ನಾಲ್ವರಿಗೆ ವಿಶೇಷ ನ್ಯಾಯಾಲಯ ಕೊಟ್ಟಿದ್ದ ಜೀವಾವಧಿಯನ್ನು 2004ರಲ್ಲಿ ಸುಪ್ರೀಂ ಕೋರ್ಟ್ ಮರಣದಂಡನೆಗೆ ಏರಿಸಿತು. ಅವರ ಕ್ಷಮಾದಾನದ ಅರ್ಜಿ ಸುಮಾರು ಒಂಬತ್ತು ವರ್ಷ ಬಾಕಿ ಉಳಿದು 2013ರಲ್ಲಿ ತಿರಸ್ಕೃತವಾಯಿತು. 2014ರ ಜನವರಿಯಲ್ಲಿ ಶತ್ರುಘ್ನ ಚೌಹಾಣ್ ಪ್ರಕರಣದ ತೀರ್ಪಿನಲ್ಲಿ, ಮುಖ್ಯವಾಗಿ ಇಂಥ ವಿಳಂಬವೇ ಕ್ರೌರ್ಯವೆಂದು ಪರಿಗಣಿಸಿ, ಅವರೂ ಸೇರಿ ಹದಿನೈದು ಮಂದಿಯ ಶಿಕ್ಷೆಯನ್ನು ಜೀವಾವಧಿಗೆ ಇಳಿಸಲಾಯಿತು. ಸ್ಫೋಟದಲ್ಲಿ ಮಡಿದ ಪೊಲೀಸರ ಕುಟುಂಬಗಳನ್ನು ನೆನೆದು ಪರ ಪಕ್ಷ ಇದೇ ಪ್ರಕರಣವನ್ನು ತನ್ನ ಕಡೆಗೂ ತಿರುಗಿಸಿಕೊಳ್ಳಬಹುದು.

ದೊಡ್ಡವರ ಮಾತುಗಳನ್ನು ಉಲ್ಲೇಖಿಸಿದರೆ ಅಂಕ ಹೆಚ್ಚು ಸಿಗುತ್ತದೆಯೇ?

ಮಾತು ಅವರದೇ ಎಂದು ಖಚಿತವಿದ್ದರೆ. "ಕಣ್ಣಿಗೆ ಕಣ್ಣು ಎಂದರೆ ಜಗತ್ತೇ ಕುರುಡಾಗುತ್ತದೆ" ಎಂಬ ಮಾತನ್ನು ಬಹುತೇಕ ಎಲ್ಲರೂ ಗಾಂಧೀಜಿಯ ಹೆಸರಿನಲ್ಲಿ ಹೇಳುತ್ತಾರೆ, ಆದರೆ ಅದನ್ನು ಅವರ ಬರಹಗಳಲ್ಲಿ ಯಾರೂ ತೋರಿಸಿಕೊಟ್ಟಿಲ್ಲ. ಅದರ ಬದಲು, 1949ರ ಜೂನ್‌ನಲ್ಲಿ ಸಂವಿಧಾನ ರಚನಾ ಸಭೆಯಲ್ಲಿ ಅಂಬೇಡ್ಕರ್ ಅವರು ಅಹಿಂಸೆಯನ್ನು ನೈತಿಕ ಆದರ್ಶವೆಂದು ನಂಬುವ ಈ ದೇಶ ಮರಣದಂಡನೆಯನ್ನೇ ರದ್ದುಮಾಡುವುದು ಸರಿಯಾದ ದಾರಿ ಎಂಬ ಅಭಿಪ್ರಾಯ ಕೊಟ್ಟದ್ದು ನಡಾವಳಿಯಲ್ಲಿ ದಾಖಲಾಗಿದೆ, ಅದನ್ನು ಹೇಳಿ. ಕಸಬ್ ಜೈಲಿನಲ್ಲಿ ಬಿರಿಯಾನಿ ಕೇಳಿದ ಎಂಬ ಕಥೆಯನ್ನು ಪರ ಪಕ್ಷದವರು ಈಗಲೂ ಹೇಳುತ್ತಾರೆ. ಅದು ತಾವೇ ಕಟ್ಟಿದ ಮಾತೆಂದು ವಿಶೇಷ ಸರ್ಕಾರಿ ವಕೀಲರಾಗಿದ್ದ ಉಜ್ವಲ್ ನಿಕಂ 2015ರಲ್ಲಿ ಬಹಿರಂಗವಾಗಿ ಒಪ್ಪಿಕೊಂಡಿದ್ದಾರೆ. ಕಾನೂನು ಆಯೋಗವನ್ನು ಉಲ್ಲೇಖಿಸುವಾಗಲೂ ಅರ್ಧ ಸತ್ಯ ಬೇಡ: 1967ರ 35ನೆಯ ವರದಿ ಮರಣದಂಡನೆ ಇರಲಿ ಎಂದಿತು, 2015ರ 262ನೆಯ ವರದಿ ಭಯೋತ್ಪಾದನೆ ಮತ್ತು ದೇಶದ ವಿರುದ್ಧ ಯುದ್ಧ ಸಾರಿದ ಅಪರಾಧಗಳನ್ನು ಬಿಟ್ಟು ಉಳಿದುವಕ್ಕೆ ಬೇಡ ಎಂದಿತು, ಅದನ್ನು ಎಲ್ಲ ಸದಸ್ಯರೂ ಒಪ್ಪಿರಲಿಲ್ಲ.

ಐದು ನಿಮಿಷವನ್ನು ಹೇಗೆ ಹಂಚಿಕೊಳ್ಳಬೇಕು?

ಎರಡು ವಾದ, ಹೆಚ್ಚೆಂದರೆ ಮೂರು. ವೇದಿಕೆಯ ಗಣ್ಯರನ್ನು ಒಬ್ಬೊಬ್ಬರಾಗಿ ಸಂಬೋಧಿಸುವುದರಲ್ಲೇ ಅರ್ಧ ನಿಮಿಷ ಕಳೆಯುತ್ತದೆ. ಒಂದು ವಂದನೆ ಸಾಕು. ಎಚ್ಚರಿಕೆಯ ಗಂಟೆ ಬಾರಿಸುವ ಹೊತ್ತಿಗೆ ಹೊಸ ವಾದ ಆರಂಭಿಸಬಾರದು. ಹಿಂದಿನ ಸ್ಪರ್ಧಿಯ ಒಂದಾದರೂ ಮಾತಿಗೆ ಉತ್ತರ ಕೊಡಲು ಒಂದು ನಿಮಿಷ ಮೀಸಲಿಡಿ, ಅವರ ಮಾತನ್ನು ಅವರೇ ಒಪ್ಪುವಂತೆ ಮೊದಲು ಹೇಳಿ ಆಮೇಲೆ ಖಂಡಿಸಿ.

ಪುಸ್ತಕದ ಕನ್ನಡದಲ್ಲಿ ಮಾತನಾಡಬೇಕೇ, ನಮ್ಮ ಕಡೆಯ ಮಾತು ಬಂದರೆ ತಪ್ಪೇ?

ತಪ್ಪಲ್ಲ. ಶಿಷ್ಟ ಕನ್ನಡದಲ್ಲಿ ಆರಂಭಿಸಿ, ಭಾವ ತುಂಬಿದಾಗ ಧಾರವಾಡದ ಲಯ ತಾನಾಗಿ ಬಂದರೆ ಯಾವ ನಿರ್ಣಾಯಕರೂ ಅಂಕ ಕಳೆಯಬಾರದು, ನಾನಂತೂ ಕಳೆದಿಲ್ಲ. ಪದಗಳ ಆಯ್ಕೆಯಲ್ಲಿ ಮಾತ್ರ ಎಚ್ಚರ ಬೇಕು. "ಮರಣದಂಡನೆ" ಕಾನೂನಿನ ಪದ, "ಗಲ್ಲು" ಕಣ್ಣಿಗೆ ಹಗ್ಗವನ್ನು ತರುವ ಪದ, "ಸರ್ಕಾರಿ ಕೊಲೆ" ಎಂಬುದು ಚರ್ಚೆಗೆ ಮೊದಲೇ ತೀರ್ಪು ಕೊಡುವ ಪದ. ಕೊನೆಯದನ್ನು ಬಳಸುವುದಾದರೆ ಅದನ್ನು ಸಾಧಿಸಿ ತೋರಿಸಿದ ನಂತರ ಬಳಸಿ.

ನಂಬದ ಪಕ್ಷದ ಪರವಾಗಿ ವಾದಿಸಿ ಬಹುಮಾನ ಪಡೆಯುವುದು ಅಪ್ರಾಮಾಣಿಕತೆಯಲ್ಲವೇ?

ಹಾವೇರಿಯ ಹುಡುಗನೊಬ್ಬ ಪರ ಪಕ್ಷದಲ್ಲಿ ಗೆದ್ದು, ಪರ್ಯಾಯ ಪಾರಿತೋಷಕ ಕೈಯಲ್ಲಿ ಹಿಡಿದುಕೊಂಡೇ ಕಣ್ಣಲ್ಲಿ ನೀರು ತಂದು ಇದೇ ಪ್ರಶ್ನೆ ಕೇಳಿದ್ದ. ನಾನು ಮರಣದಂಡನೆಯನ್ನು ಒಪ್ಪದವನು. 2019ರ ಆ ಬಿಡುಗಡೆಯ ತೀರ್ಪನ್ನು ಓದಿದ ಮೇಲೆ ಒಪ್ಪುವುದು ನನ್ನಿಂದ ಸಾಧ್ಯವೇ ಆಗಲಿಲ್ಲ. ಆದರೂ ಅವನಿಗೆ ನಾನು ಹೇಳಿದ್ದಿಷ್ಟು: ಸುಳ್ಳು ಅಂಕಿ ಹೇಳಿದ್ದರೆ, ಯಾರದೋ ಬಾಯಿಗೆ ಇಲ್ಲದ ಮಾತು ತುರುಕಿದ್ದರೆ ನೀನು ಅಪ್ರಾಮಾಣಿಕ. ಕೊಲೆಯಾದವರ ಮನೆಯ ಜಗುಲಿಯಲ್ಲಿ ಕುಳಿತವರ ಪರವಾಗಿ, ಅವರಿಗಿರುವ ಕಾರಣಗಳನ್ನು ಸರಿಯಾಗಿ ಎತ್ತಿ ಹೇಳಿದ್ದರೆ ನೀನು ಅಂಥದ್ದೇನೂ ಮಾಡಿಲ್ಲ. ಮುಂದಿನ ವಾರ ಹುಬ್ಬಳ್ಳಿಯಲ್ಲಿ ಇದೇ ವಿಷಯದ ಮೇಲೆ ಮತ್ತೊಂದು ಸ್ಪರ್ಧೆಯಿತ್ತು. ಅಲ್ಲಿ ಅವನು ತಾನಾಗಿ ವಿರೋಧ ಪಕ್ಷಕ್ಕೆ ಹೆಸರು ಕೊಟ್ಟ.